ಹೊರದೇಶಕ್ಕೆ ಓದಲು ಹೋದವರೆಷ್ಟು? ಅಂಕಿಗಳನ್ನು ಹೋಲಿಸುವ ಮುಂಚೆ ನೋಡಬೇಕಾದದ್ದು

"ನಮ್ಮವರು ಅಮೆರಿಕಕ್ಕೆ ಜಾಸ್ತಿ ಹೋಗ್ತಾರಾ, ಕೆನಡಾಕ್ಕಾ? ಅಮೆರಿಕದಲ್ಲಿ ಓದುವ ಭಾರತೀಯರು ಒಂದು ಕಡೆ 3.31 ಲಕ್ಷ ಅಂತಿದೆ, ಇನ್ನೊಂದು ಕಡೆ 3.37 ಲಕ್ಷ ಅಂತಿದೆ. ಯಾವುದನ್ನ ನಂಬೋದು?"

ಈ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬರುತ್ತಲೇ ಇರುತ್ತದೆ. ಕೇಳುವವರಲ್ಲಿ ಬೆಂಗಳೂರಿನ ಕಾಲೇಜುಗಳಲ್ಲಿ ಎಂ.ಎ., ಎಂ.ಕಾಂ. ಪ್ರಾಜೆಕ್ಟ್ ಬರೆಯುತ್ತಿರುವವರೇ ಹೆಚ್ಚು. ಸುದ್ದಿಮನೆಯಲ್ಲಿ ಕೆಲಸ ಮಾಡುವವರೂ ಇದ್ದಾರೆ. ಮಗಳನ್ನು ಯಾವ ದೇಶಕ್ಕೆ ಕಳಿಸೋಣ ಅಂತ ಜಯನಗರ, ಕೋರಮಂಗಲದ ಕನ್ಸಲ್ಟೆನ್ಸಿಗಳನ್ನು ಸುತ್ತುತ್ತಿರುವ ತಂದೆ ತಾಯಂದಿರೂ ಇದ್ದಾರೆ.

ಚಿಕ್ಕ ಉತ್ತರ: ಎರಡೂ ಸರಿ ಇರಬಹುದು, ಆದರೆ ಎರಡರಲ್ಲೂ ಎಣಿಸಿರುವುದು ಬೇರೆ ಬೇರೆ ಜನರನ್ನು. ದೊಡ್ಡ ಉತ್ತರ ಕೆಳಗಿದೆ. ಇಲ್ಲಿ 'ಗಡಿ' ಅಂದರೆ ದೇಶದ ಗಡಿ ಮಾತ್ರ. ಕೇರಳದಿಂದ ಬೆಂಗಳೂರಿಗೆ ನರ್ಸಿಂಗ್ ಓದಲು ಬರುವವರ ಕತೆ ಬೇರೆ, ಅದನ್ನು ಇಲ್ಲಿ ಮುಟ್ಟಿಲ್ಲ.

ಏನೇನು ಬೇಕು

ಒಂದು ಸ್ಪ್ರೆಡ್‌ಶೀಟ್ ಸಾಕು. ಎಕ್ಸೆಲ್, ಗೂಗಲ್ ಶೀಟ್ಸ್, ಲಿಬ್ರೆ ಆಫೀಸ್, ಯಾವುದಾದರೂ ಆಗುತ್ತದೆ. ಶೇಕಡಾ ಲೆಕ್ಕ ಬಂದರೆ ಮುಗಿಯಿತು, ದೊಡ್ಡ ಸಂಖ್ಯಾಶಾಸ್ತ್ರ ಬೇಕಿಲ್ಲ. ಇಂಗ್ಲಿಷಿನಲ್ಲಿರುವ ಅಡಿಟಿಪ್ಪಣಿ ಓದುವ ತಾಳ್ಮೆ ಮಾತ್ರ ಬೇಕೇ ಬೇಕು. ಈ ವಿಷಯದಲ್ಲಿ ಅರ್ಧ ಮಾಹಿತಿ ಇರುವುದೇ ಅಡಿಟಿಪ್ಪಣಿಯಲ್ಲಿ.

ಹಂತ 1: ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಬರೆಯಿರಿ

"ವಿದೇಶಿ ಶಿಕ್ಷಣದ ಟ್ರೆಂಡ್" ಅನ್ನುವುದು ಪ್ರಶ್ನೆಯಲ್ಲ. "2022-23ರಿಂದ 2024-25ರ ನಡುವೆ ಅಮೆರಿಕದ ಕಾಲೇಜುಗಳಲ್ಲಿ ಸ್ನಾತಕೋತ್ತರ ಓದುತ್ತಿರುವ ಭಾರತೀಯರು ಹೆಚ್ಚಾದರೋ, ಕಮ್ಮಿಯಾದರೋ?" ಅನ್ನುವುದು ಪ್ರಶ್ನೆ. ಎಲ್ಲಿಂದ, ಎಲ್ಲಿಗೆ, ಯಾವ ಮಟ್ಟದ ಓದು, ಯಾವ ವರ್ಷ ಎಂಬ ನಾಲ್ಕೂ ವಾಕ್ಯದಲ್ಲಿ ಇರಬೇಕು. ಒಂದು ಬಿಟ್ಟುಹೋದರೂ ಮುಂದೆ ಕೈಗೆ ಸಿಕ್ಕ ಅಂಕಿಯನ್ನೆಲ್ಲ ತುರುಕುವ ಆಸೆ ಹುಟ್ಟುತ್ತದೆ.

ಹಂತ 2: 'ವಿದೇಶಿ ವಿದ್ಯಾರ್ಥಿ' ಅಂದರೆ ಯಾರು ಅಂತ ನೋಡಿ

ಇದಕ್ಕೆ ಎರಡು ಅಳತೆಗಳಿವೆ. ಒಂದು ಪೌರತ್ವದ್ದು, ಅಂದರೆ ಪಾಸ್‌ಪೋರ್ಟ್ ಯಾವ ದೇಶದ್ದು ಅನ್ನುವುದು. ಇನ್ನೊಂದು ಓದಿಗಾಗಿ ಗಡಿ ದಾಟಿದ್ದು, ಅಂದರೆ ಮುಂಚೆ ಓದಿದ ಅಥವಾ ವಾಸವಿದ್ದ ದೇಶ ಬಿಟ್ಟು ಬೇರೆ ದೇಶಕ್ಕೆ ಓದಲೆಂದೇ ಬಂದಿದ್ದಾರಾ ಅನ್ನುವುದು. ಯುನೆಸ್ಕೊದ ಅಂಕಿಅಂಶ ಸಂಸ್ಥೆ ಎರಡನೆಯದನ್ನು ಬಯಸುತ್ತದೆ. ಒಇಸಿಡಿ, ಅಂದರೆ ಹೆಚ್ಚಾಗಿ ಶ್ರೀಮಂತ ದೇಶಗಳ ಆರ್ಥಿಕ ಸಹಕಾರ ಸಂಘಟನೆ, ತನ್ನ ವಾರ್ಷಿಕ ಶಿಕ್ಷಣ ವರದಿಯಲ್ಲಿ ಎರಡಕ್ಕೂ ಬೇರೆ ಬೇರೆ ಹೆಸರು ಕೊಟ್ಟಿದೆ: ಗಡಿ ದಾಟಿ ಬಂದವರು 'ಇಂಟರ್‌ನ್ಯಾಷನಲ್', ಪಾಸ್‌ಪೋರ್ಟ್ ಮಾತ್ರ ಬೇರೆ ಇರುವವರೂ ಸೇರಿದರೆ 'ಫಾರಿನ್'. ಕೆಲವು ದೇಶಗಳು 'ಇಂಟರ್‌ನ್ಯಾಷನಲ್' ಅಂಕಿ ಕೊಡಲಾಗದೆ 'ಫಾರಿನ್' ಅಂಕಿಯನ್ನೇ ಕಳಿಸುತ್ತವೆ. ಅಂಥ ಕಡೆ ಅಡಿಟಿಪ್ಪಣಿ ಇರುತ್ತದೆ, ಬಿಡದೆ ನೋಡಿ.

ವ್ಯತ್ಯಾಸ ಅಷ್ಟು ದೊಡ್ಡದಾ ಅಂತ ಅನ್ನಿಸಬಹುದು. ಜರ್ಮನಿಯನ್ನು ನೋಡಿ. ಟರ್ಕಿಯ ಪಾಸ್‌ಪೋರ್ಟ್ ಇಟ್ಟುಕೊಂಡು ಬರ್ಲಿನ್‌ನಲ್ಲೇ ಹುಟ್ಟಿ, ಅಲ್ಲೇ ಶಾಲೆ ಮುಗಿಸಿದವರು ಬಹಳ ಮಂದಿ ಇದ್ದಾರೆ. ಅವರು ಓದಿಗಾಗಿ ಎಲ್ಲಿಂದಲೂ ಬಂದವರಲ್ಲ. ಹಾಗಾಗಿ ಜರ್ಮನ್ನರು ಶಾಲಾ ಶಿಕ್ಷಣ ಜರ್ಮನಿಯಲ್ಲೇ ಮುಗಿಸಿದ ವಿದೇಶಿಯರನ್ನೂ, ಹೊರಗೆ ಮುಗಿಸಿ ಬಂದ ವಿದೇಶಿಯರನ್ನೂ ಬೇರೆ ಬೇರೆ ಕಾಲಂನಲ್ಲಿ ಹಾಕುತ್ತಾರೆ. ನಿಮಗೆ ಬೇಕಾದದ್ದು ಎರಡನೆಯ ಕಾಲಂ.

ನಮ್ಮ ಊರಿನದೇ ಉದಾಹರಣೆ ಬೇಕಿದ್ದರೆ, ನ್ಯೂಜೆರ್ಸಿಯಲ್ಲಿ ಹುಟ್ಟಿ, ವೈಟ್‌ಫೀಲ್ಡ್‌ನಲ್ಲಿ ಹನ್ನೆರಡನೇ ಕ್ಲಾಸಿನವರೆಗೆ ಓದಿದ ಹುಡುಗಿಯನ್ನು ತೆಗೆದುಕೊಳ್ಳಿ. ಕೈಯಲ್ಲಿ ಅಮೆರಿಕದ ಪಾಸ್‌ಪೋರ್ಟ್, ಜೊತೆಗೆ ಒಸಿಐ ಕಾರ್ಡ್, ಅಂದರೆ ಭಾರತೀಯ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಕಾರ್ಡ್. ಡಿಗ್ರಿಗೆ ಅಮೆರಿಕಕ್ಕೆ ಹೋದಳು. ಓದಿಗಾಗಿ ಭಾರತದ ಗಡಿ ದಾಟಿದ್ದಾಳೆ ಅಲ್ವಾ? ಆದರೆ ಅಲ್ಲಿ ಅವಳು ವಿದೇಶಿ ವಿದ್ಯಾರ್ಥಿಯಲ್ಲ, ಸ್ವಂತ ಪ್ರಜೆ. ಅವರ ಲೆಕ್ಕದಲ್ಲಿ ಅವಳು ಬರುವುದೇ ಇಲ್ಲ. ಸಾಫ್ಟ್‌ವೇರ್ ಮನೆತನಗಳ ಊರಾದ ಬೆಂಗಳೂರಿನಲ್ಲಿ ಇಂಥವರು ಅಪರೂಪವೇನಲ್ಲ.

ಬ್ರಿಟನ್ ಮೂರನೆಯ ದಾರಿ ಹಿಡಿದಿದೆ. ಕೋರ್ಸ್ ಶುರುವಾಗುವ ಮುಂಚೆ ಖಾಯಂ ಮನೆ ಯಾವ ದೇಶದಲ್ಲಿತ್ತು ಅಂತ ಕೇಳಿ, ಅದರ ಪ್ರಕಾರ ವಿಂಗಡಿಸುತ್ತಾರೆ. ಅಲ್ಲಿನ ಉನ್ನತ ಶಿಕ್ಷಣ ಅಂಕಿಅಂಶ ಸಂಸ್ಥೆಯ ಹೆಸರು ಹೆಸಾ. ಅವರ ಕೋಷ್ಟಕದಲ್ಲಿ 'ಡಾಮಿಸೈಲ್' ಅಂತ ಕಂಡರೆ ಅದು ಈ ಮನೆಯ ಲೆಕ್ಕ.

ಹಂತ 3: ಎಲ್ಲಿ ನಿಂತು ಎಣಿಸಿದ್ದಾರೆ ಅಂತ ಗುರುತಿಸಿ

ನನ್ನ ಪ್ರಕಾರ ಇಡೀ ಕೆಲಸದಲ್ಲಿ ಮುಖ್ಯವಾದ ಹಂತ ಇದೇ. ವಿದ್ಯಾರ್ಥಿಗಳನ್ನು ಎಣಿಸುವುದು ಮೂರು ಕಡೆ: ವಿಮಾನ ನಿಲ್ದಾಣದಲ್ಲಿ, ವೀಸಾ ಕಚೇರಿಯಲ್ಲಿ, ಕಾಲೇಜಿನಲ್ಲಿ. ಯಾವ ಅಂಕಿ ಸಿಕ್ಕರೂ ಮೊದಲು ಅದು ಎಲ್ಲಿಯದು ಅಂತ ಪಕ್ಕದಲ್ಲಿ ಬರೆದುಕೊಳ್ಳಿ.

ವಿಮಾನ ನಿಲ್ದಾಣದ ಲೆಕ್ಕ ಕೊಡುವುದು ನಮ್ಮ ಕೇಂದ್ರ ಗೃಹ ಇಲಾಖೆಯಡಿಯ ವಲಸೆ ಬ್ಯೂರೋ. ಸಂಸತ್ತಿನ ಪ್ರಶ್ನೋತ್ತರಗಳಲ್ಲಿ, ಅಲ್ಲಿಂದ ಪತ್ರಿಕೆಗಳಲ್ಲಿ ಬರುವ ಅಂಕಿ ಹೆಚ್ಚಾಗಿ ಇದೇ: 2022ರಲ್ಲಿ ಸುಮಾರು 7.5 ಲಕ್ಷ, 2023ರಲ್ಲಿ 8.9 ಲಕ್ಷ, 2024ರಲ್ಲಿ 7.6 ಲಕ್ಷ ಭಾರತೀಯರು ಓದಿಗಾಗಿ ಹೊರಗೆ ಹೋದರು ಅನ್ನುವುದು. ಆದರೆ ಅದೇ ಉತ್ತರಗಳಲ್ಲಿ ಸರ್ಕಾರವೇ ಒಂದು ಮಾತು ಹೇಳಿದೆ. ಓದಿಗೆ ಹೋಗುವವರಿಗಾಗಿ ಪ್ರತ್ಯೇಕ ಸೂಚಿ ಇಲ್ಲ. ಪ್ರಯಾಣಿಕರು ಬಾಯಲ್ಲಿ ಹೇಳಿದ್ದನ್ನೋ, ತೋರಿಸಿದ ವೀಸಾದ ಬಗೆಯನ್ನೋ ನೋಡಿ ಕೈಯಾರೆ ದಾಖಲಿಸುತ್ತಾರೆ. ಅಂದರೆ ಎಣಿಕೆಯಾಗುವುದು ಪ್ರಯಾಣ. ದೀಪಾವಳಿಗೆ ಮನೆಗೆ ಬಂದು ಮತ್ತೆ ವಿಮಾನ ಹತ್ತಿದವರು ಅದೇ ವರ್ಷ ಇನ್ನೊಂದು ಸಲ ಲೆಕ್ಕಕ್ಕೆ ಬರಬಹುದು.

ವೀಸಾ ಕಚೇರಿಯ ಲೆಕ್ಕ ಅಂದರೆ ಎಷ್ಟು ವೀಸಾ ಅಥವಾ ಪರ್ಮಿಟ್ ಕೊಟ್ಟರು, ಅಥವಾ ಎಷ್ಟು ಪರ್ಮಿಟ್ ಚಾಲ್ತಿಯಲ್ಲಿವೆ ಅನ್ನುವುದು. ಕೆನಡಾದ ಪ್ರಸಿದ್ಧ ಅಂಕಿ ಇದೇ ಜಾತಿಯದು. 2023ರ ಡಿಸೆಂಬರ್ 31ಕ್ಕೆ ಅಲ್ಲಿ ಚಾಲ್ತಿಯಲ್ಲಿದ್ದ ಸ್ಟಡಿ ಪರ್ಮಿಟ್‌ಗಳು 10.4 ಲಕ್ಷ, ಅದರಲ್ಲಿ ಭಾರತೀಯರದ್ದು ಸುಮಾರು 4.27 ಲಕ್ಷ. ಪರ್ಮಿಟ್ ಇದ್ದವರೆಲ್ಲ ಕ್ಲಾಸಿನಲ್ಲಿ ಇರಲೇಬೇಕೆಂದಿಲ್ಲ. ಶಾಲೆಗೆ ಹೋಗುವ ಮಕ್ಕಳ ಪರ್ಮಿಟ್ಟೂ ಇದರಲ್ಲಿ ಸೇರಿದೆ. ಬ್ರಿಟನ್ನಿನ ಗೃಹ ಇಲಾಖೆಯ ವೀಸಾ ಕೋಷ್ಟಕದಲ್ಲಿ ಎಡವಬಹುದಾದ ಇನ್ನೊಂದು ಜಾಗ ಇದೆ: ವಿದ್ಯಾರ್ಥಿಯ ಜೊತೆ ಹೋಗುವ ಗಂಡ, ಹೆಂಡತಿ, ಮಕ್ಕಳು. ಅವರನ್ನು ಬಿಟ್ಟು ಎಣಿಸಿ. 2024ರ ಜನವರಿಯಿಂದ ಮಾಮೂಲಿ ಮಾಸ್ಟರ್ಸ್ ಕೋರ್ಸಿನವರು ಕುಟುಂಬ ಕರೆದೊಯ್ಯುವುದನ್ನು ಅಲ್ಲಿ ನಿಲ್ಲಿಸಿದರು. ಇದನ್ನು ಗಮನಿಸದೆ ಒಟ್ಟು ವೀಸಾ ಹೋಲಿಸಿದರೆ, ಬಿದ್ದದ್ದು ಕುಟುಂಬದವರ ಸಂಖ್ಯೆಯಾದರೂ ವಿದ್ಯಾರ್ಥಿಗಳೇ ಬಿದ್ದುಹೋದ ಹಾಗೆ ಕಾಣುತ್ತದೆ.

ಕಾಲೇಜಿನ ಲೆಕ್ಕವೇ ಸಾಮಾನ್ಯವಾಗಿ ಗಟ್ಟಿ. ಅಮೆರಿಕದಲ್ಲಿರುವ ವಿದೇಶಿ ವಿದ್ಯಾರ್ಥಿಗಳ ವಾರ್ಷಿಕ ವರದಿ 'ಓಪನ್ ಡೋರ್ಸ್', ಬ್ರಿಟನ್ನಿನ ಹೆಸಾ, ಜರ್ಮನಿಯ ಚಳಿಗಾಲದ ಸೆಮಿಸ್ಟರ್ ಲೆಕ್ಕ, ನಮ್ಮ ಎಐಎಸ್‌ಎಚ್‌ಇ ಎಲ್ಲ ಈ ಬಗೆಯವು. ಎಐಎಸ್‌ಎಚ್‌ಇ ಅಂದರೆ ಕೇಂದ್ರ ಶಿಕ್ಷಣ ಇಲಾಖೆ ನಡೆಸುವ ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆ. ಕಾಲೇಜುಗಳೇ ಪೋರ್ಟಲ್‌ನಲ್ಲಿ ತುಂಬುತ್ತವೆ. ಪ್ರತಿ ವರ್ಷ ತುಂಬುವ ಕಾಲೇಜುಗಳ ಸಂಖ್ಯೆ ಬದಲಾಗುತ್ತದೆ, ಅದನ್ನೂ ಪಕ್ಕದಲ್ಲಿ ನೋಡಿಕೊಳ್ಳಿ.

ಎಲ್ಲಿ ನಿಂತು ಎಣಿಸಿದರು ಅನ್ನುವುದು ಯಾಕೆ ಮುಖ್ಯ ಅಂತ ತಿಳಿಯಲು ನೇಪಾಳಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ಭಾರತಕ್ಕೆ ಓದಲು ಬರುವ ವಿದೇಶಿಯರಲ್ಲಿ ನೇಪಾಳದವರದ್ದೇ ದೊಡ್ಡ ಪಾಲು. 2019-20ರ ಎಐಎಸ್‌ಎಚ್‌ಇ ಪ್ರಕಾರ ಒಟ್ಟು 49,348 ಮಂದಿಯಲ್ಲಿ ಶೇ 28ರಷ್ಟು. ಆದರೆ ನೇಪಾಳದವರಿಗೆ ಭಾರತಕ್ಕೆ ಬರಲು ವೀಸಾ ಬೇಡ. ಹಾಗಾಗಿ ವಿದ್ಯಾರ್ಥಿ ವೀಸಾ ಲೆಕ್ಕದಿಂದ ಶುರು ಮಾಡಿದರೆ ಮೊದಲ ಸ್ಥಾನದಲ್ಲಿರುವ ದೇಶವೇ ಪಟ್ಟಿಯಿಂದ ಮಾಯ. ಇನ್ನು ನೇಪಾಳದ ಕಡೆಯಿಂದ ಹುಡುಕೋಣ ಅಂದರೆ, ಅಲ್ಲಿನ ಶಿಕ್ಷಣ ಇಲಾಖೆ ವಿದೇಶಕ್ಕೆ ಓದಲು ಹೋಗುವವರಿಗೆ ನಿರಾಕ್ಷೇಪಣಾ ಪತ್ರ ಕೊಡುತ್ತದೆ, ಆದರೆ ಭಾರತಕ್ಕೆ ಬರುವವರಿಗೆ ಅದೂ ಬೇಕಿಲ್ಲ. ಬೆಂಗಳೂರಿನ ಕಾಲೇಜಿನಲ್ಲಿ ಕೂತಿರುವ ನೇಪಾಳಿ ಹುಡುಗನನ್ನು ಎರಡೂ ಸರ್ಕಾರಗಳ ಕಾಗದ ಹಿಡಿಯುವುದಿಲ್ಲ. ಕಾಲೇಜಿನ ಹಾಜರಿ ಪುಸ್ತಕ ಮಾತ್ರ ಹಿಡಿಯುತ್ತದೆ. ಆಸ್ಟ್ರೇಲಿಯಾದಲ್ಲೂ ಇದೇ ಕತೆ, ಅಲ್ಲಿ ಓದುವ ನ್ಯೂಜಿಲೆಂಡ್ ಪ್ರಜೆಗಳು ವಿದ್ಯಾರ್ಥಿ ವೀಸಾ ಲೆಕ್ಕದಲ್ಲಿಲ್ಲ.

ಹಂತ 4: ಇರುವವರ ಲೆಕ್ಕವೋ, ಹೋದವರ ಲೆಕ್ಕವೋ?

ಇಷ್ಟು ಹೊತ್ತಿಗೆ ನಿಮಗೇ ಅಂದಾಜಾಗಿರುತ್ತದೆ. ಒಂದು ದಿನದಂದು ಅಲ್ಲಿ ಎಷ್ಟು ಜನ ಓದುತ್ತಿದ್ದಾರೆ ಅನ್ನುವುದು 'ಸ್ಟಾಕ್'. ಒಂದು ವರ್ಷದಲ್ಲಿ ಹೊಸದಾಗಿ ಎಷ್ಟು ಜನ ಹೋದರು ಅನ್ನುವುದು 'ಫ್ಲೋ'. ಕೆರೆಯಲ್ಲಿರುವ ನೀರು ಬೇರೆ, ಈ ಮಳೆಗೆ ಹರಿದು ಬಂದ ನೀರು ಬೇರೆ. ವಲಸೆ ಬ್ಯೂರೋದ 7.6 ಲಕ್ಷವನ್ನು ಓಪನ್ ಡೋರ್ಸ್‌ನ 3.6 ಲಕ್ಷದ ಪಕ್ಕ ಇಟ್ಟು "ಹೋದವರಲ್ಲಿ ಅರ್ಧದಷ್ಟು ಮಂದಿ ಅಮೆರಿಕಕ್ಕೆ" ಅಂತ ಬರೆದ ಪ್ರಾಜೆಕ್ಟುಗಳು ನನ್ನ ಕಣ್ಣಿಗೆ ಆಗಾಗ ಬೀಳುತ್ತವೆ. ಅದು ತಪ್ಪು.

ಆಸ್ಟ್ರೇಲಿಯಾದಲ್ಲಿ ಮೂರು ಕಾಲಂ ಇರುತ್ತದೆ: ವಿದ್ಯಾರ್ಥಿಗಳು, ದಾಖಲಾತಿಗಳು, ಹೊಸದಾಗಿ ಶುರು ಮಾಡಿದವರು. ಒಬ್ಬನೇ ಹುಡುಗ ಒಂದೇ ವರ್ಷದಲ್ಲಿ ಇಂಗ್ಲಿಷ್ ಕೋರ್ಸ್ ಮುಗಿಸಿ, ಡಿಪ್ಲೊಮಾ ಸೇರಿ, ಆಮೇಲೆ ಡಿಗ್ರಿಗೆ ಹೋದರೆ ಒಬ್ಬ ವಿದ್ಯಾರ್ಥಿ, ಮೂರು ದಾಖಲಾತಿ. 2024ರಲ್ಲಿ ಅಲ್ಲಿ ದಾಖಲಾತಿ 10 ಲಕ್ಷ ದಾಟಿತ್ತು, ತಲೆ ಎಣಿಸಿದರೆ ಎಂಟು ಲಕ್ಷಕ್ಕಿಂತ ಸ್ವಲ್ಪ ಜಾಸ್ತಿ.

ಹಂತ 5: ವರ್ಷಗಳನ್ನು ಹೊಂದಿಸಿ

'2023' ಅಂದರೆ ಎಲ್ಲರಿಗೂ ಒಂದೇ ಅಲ್ಲ. ಬ್ರಿಟನ್ನಿನ ವರ್ಷ ಆಗಸ್ಟ್ 1ರಿಂದ ಜುಲೈ 31. ಕೆನಡಾದ್ದು ಡಿಸೆಂಬರ್ 31ರ ಚಿತ್ರ. ಜರ್ಮನಿಯದು ಚಳಿಗಾಲದ ಸೆಮಿಸ್ಟರ್. ಅಮೆರಿಕದ ವೀಸಾ ಅಂಕಿ ಅಕ್ಟೋಬರ್‌ನಿಂದ ಸೆಪ್ಟೆಂಬರ್. ನಮ್ಮ ವಲಸೆ ಬ್ಯೂರೋದ್ದು ಜನವರಿಯಿಂದ ಡಿಸೆಂಬರ್. ರಿಸರ್ವ್ ಬ್ಯಾಂಕಿನ ಹಣ ರವಾನೆ ಲೆಕ್ಕ ಏಪ್ರಿಲ್‌ನಿಂದ ಮಾರ್ಚ್. ಎಲ್ಲವನ್ನೂ ಒಂದೇ ಗ್ರಾಫಿನಲ್ಲಿ ಹಾಕಬೇಕಿದ್ದರೆ ಪ್ರತಿ ಅಂಕಿಯ ಪಕ್ಕ ಅದರ ನಿಜವಾದ ಅವಧಿ ಬರೆಯಿರಿ. ಸೆಪ್ಟೆಂಬರ್ ಅಕ್ಟೋಬರ್ ಸುಮಾರಿಗೆ ಕ್ಲಾಸಿನಲ್ಲಿ ಯಾರಿದ್ದರು ಅನ್ನುವುದನ್ನೇ ಆಧಾರವಾಗಿ ಇಟ್ಟುಕೊಂಡರೆ ಹೆಚ್ಚಿನ ದೇಶಗಳು ಹೊಂದಿಕೊಳ್ಳುತ್ತವೆ.

ಸರ್ಕಾರಿ ಕೋಷ್ಟಕದ ತಲೆಬರಹವನ್ನೂ ಸುಮ್ನೆ ನಂಬಬೇಡಿ. 2024ರಲ್ಲಿ ವಿದೇಶಾಂಗ ಇಲಾಖೆ ಸಂಸತ್ತಿಗೆ ಕೊಟ್ಟ ಪಟ್ಟಿಯಲ್ಲಿ ಹೊರಗೆ ಓದುತ್ತಿರುವ ಭಾರತೀಯರು ಒಟ್ಟು 13,35,878. ಅದರಲ್ಲಿ ಕೆನಡಾ 4,27,000, ಅಮೆರಿಕ 3,37,630, ಬ್ರಿಟನ್ 1,85,000, ಜರ್ಮನಿ 42,997. ಈಗ ಜರ್ಮನಿಯ ಸಾಲನ್ನು ಹಿಡಿದುಕೊಂಡು ಜರ್ಮನ್ ಮೂಲಕ್ಕೆ ಹೋಗಿ. 42,997 ಅನ್ನುವುದು 2022-23ರ ಚಳಿಗಾಲದ ಸೆಮಿಸ್ಟರ್‌ನದ್ದು. 2023-24ರಲ್ಲಿ ಆಗಲೇ ಅದು 49,483 ಆಗಿತ್ತು. ಕೆನಡಾದ್ದು 2023ರ ಕೊನೆಯ ದಿನದ ಅಂಕಿಯನ್ನು ಹೋಲುತ್ತದೆ. ಅಂದರೆ ಒಂದೇ ಪಟ್ಟಿಯ ಒಳಗೆ ಬೇರೆ ಬೇರೆ ವರ್ಷಗಳಿವೆ. ಇನ್ನು 4,27,000, 1,85,000ದಂಥ ದುಂಡು ಸಂಖ್ಯೆ ಕಂಡರೆ ಅದು ಎಣಿಸಿದ್ದಲ್ಲ, ದುಂಡಾಗಿಸಿದ್ದೋ ಅಂದಾಜೋ ಅಂತ ಇಟ್ಟುಕೊಳ್ಳಿ.

ಹಂತ 6: ಹೋಲಿಸುವ ಮುಂಚೆ ಕಳೆಯಿರಿ

ಅಮೆರಿಕ–ಕೆನಡಾ ಪ್ರಶ್ನೆಗೆ ಉತ್ತರ ಇರುವುದು ಇಲ್ಲಿ. ಆದ್ದರಿಂದ ಲೆಕ್ಕವನ್ನು ಪೂರ್ತಿ ಮಾಡಿ ತೋರಿಸುತ್ತೇನೆ.

ಓಪನ್ ಡೋರ್ಸ್ ವರದಿ ಪ್ರಕಾರ 2023-24ರಲ್ಲಿ ಅಮೆರಿಕದಲ್ಲಿ ಭಾರತೀಯ ವಿದ್ಯಾರ್ಥಿಗಳು 3,31,602 (ಮೊದಲ ಪ್ರಶ್ನೆಯ 3.31 ಲಕ್ಷ ಇದೇ, 3.37 ಲಕ್ಷ ಹಂತ 5ರ ವಿದೇಶಾಂಗ ಇಲಾಖೆಯ ಪಟ್ಟಿಯದು). ಚೀನಾವನ್ನು ಹಿಂದೆ ಹಾಕಿ ಮೊದಲ ಸ್ಥಾನ. 2024-25ರಲ್ಲಿ ಅದು 3,63,019 ಆಯಿತು. ಶೇ 9.5ರಷ್ಟು ಏರಿಕೆ. ತಲೆಬರಹ ಬರೆಯುವವರಿಗೆ ಇಷ್ಟು ಸಾಕು.

ಆದರೆ ಈ ಒಟ್ಟಿನೊಳಗೆ 'ಒಪಿಟಿ' ಅಂತ ಒಂದು ಗುಂಪಿದೆ. ಓದು ಮುಗಿಸಿದ ಮೇಲೆ ವಿದ್ಯಾರ್ಥಿ ವೀಸಾದಲ್ಲೇ 12 ತಿಂಗಳು ಕೆಲಸ ಮಾಡಲು ಕೊಡುವ ಅವಕಾಶ ಇದು. ವಿಜ್ಞಾನ, ಎಂಜಿನಿಯರಿಂಗ್, ಗಣಿತದವರಿಗೆ ಇನ್ನೂ 24 ತಿಂಗಳು ಸಿಗುತ್ತದೆ. ಇವರು ಕಾಲೇಜಿನ ದಾಖಲೆಯಲ್ಲಿರುತ್ತಾರೆ, ಕ್ಲಾಸಿನಲ್ಲಿ ಇರುವುದಿಲ್ಲ. ಆಫೀಸಿನಲ್ಲಿರುತ್ತಾರೆ. 2023-24ರಲ್ಲಿ ಹೀಗಿದ್ದ ಭಾರತೀಯರು 97,556. ಮರುವರ್ಷ 1,43,740.

ಈಗ ಕಳೆಯಿರಿ. 3,31,602ರಲ್ಲಿ 97,556 ಕಳೆದರೆ 2,34,046. 3,63,019ರಲ್ಲಿ 1,43,740 ಕಳೆದರೆ 2,19,279. ಓದುತ್ತಿರುವವರು ಸುಮಾರು ಶೇ 6 ಕಮ್ಮಿಯಾಗಿದ್ದಾರೆ! ಒಟ್ಟು ಏರಿದ್ದು ಯಾಕೆಂದರೆ ಕೋವಿಡ್ ಕಳೆದ ಮೇಲೆ ದೊಡ್ಡ ಸಂಖ್ಯೆಯಲ್ಲಿ ಸೇರಿದವರು ಪದವಿ ಮುಗಿಸಿ ಕೆಲಸದ ಕಡೆ ಸರಿದರು. ಅವರ ಜಾಗಕ್ಕೆ ಅಷ್ಟು ಜನ ಹೊಸದಾಗಿ ಬರಲಿಲ್ಲ. ಇನ್ನೂ ಒಳಗೆ ಇಣುಕಿದರೆ ಸ್ನಾತಕೋತ್ತರದವರು 1,96,567ರಿಂದ 1,77,892ಕ್ಕೆ ಇಳಿದಿದ್ದಾರೆ, ಡಿಗ್ರಿಗೆ ಹೋದವರು 36,053ರಿಂದ 40 ಸಾವಿರದ ಆಚೆಗೆ ಏರಿದ್ದಾರೆ. ಒಂದೇ ವರದಿಯಲ್ಲಿ ಏರಿಕೆಯೂ ಇದೆ, ಇಳಿಕೆಯೂ ಇದೆ. ಮಗಳನ್ನು ಎಂ.ಎಸ್.ಗೆ ಕಳಿಸಲು ಹೊರಟವರು ನೋಡಬೇಕಾದದ್ದು ಸ್ನಾತಕೋತ್ತರದ ಸಾಲು. ಕನ್ಸಲ್ಟೆನ್ಸಿಗಳ ಕರಪತ್ರದಲ್ಲಿ ಅದು ಇರುವುದಿಲ್ಲ, ಒಟ್ಟು ಮಾತ್ರ ದಪ್ಪಕ್ಷರದಲ್ಲಿ ಇರುತ್ತದೆ.

ಕೆನಡಾದಲ್ಲಿ ಓದು ಮುಗಿದ ಮೇಲೆ ಕೆಲಸಕ್ಕೆ ಬೇರೆಯೇ ಪರ್ಮಿಟ್ ಕೊಡುತ್ತಾರೆ, ಅದು ಸ್ಟಡಿ ಪರ್ಮಿಟ್ ಲೆಕ್ಕಕ್ಕೆ ಬರುವುದಿಲ್ಲ. ಬ್ರಿಟನ್ನಿನ ಹೆಸಾ ಲೆಕ್ಕದಲ್ಲೂ ಓದು ಮುಗಿಸಿ ಕೆಲಸದಲ್ಲಿರುವವರು ಇಲ್ಲ. ಹಾಗಾಗಿ 2023ರ ಕೊನೆಯ ಹೊತ್ತಿಗೆ ಪಕ್ಕ ಪಕ್ಕ ಇಡಬೇಕಾದದ್ದು ಅಮೆರಿಕದ 2.34 ಲಕ್ಷ, ಕೆನಡಾದ 4.27 ಲಕ್ಷ, ಬ್ರಿಟನ್ನಿನ 1,66,310. ಕೆನಡಾದ ಅಂಕಿಯಲ್ಲಿ ಶಾಲೆಯವರೂ, ಓದದೆ ಪರ್ಮಿಟ್ ಮಾತ್ರ ಇಟ್ಟುಕೊಂಡವರೂ ಇದ್ದಾರೆ ಅಂತ ಕೆಳಗೆ ಬರೆಯಿರಿ. ಆಗ ಕೆನಡಾವೇ ಮುಂದಿತ್ತು ಅಂತ ಹೇಳಬಹುದು. ಎಷ್ಟರಿಂದ ಮುಂದೆ ಅಂತ ಗಟ್ಟಿಯಾಗಿ ಹೇಳಬೇಡಿ. 2024ರ ಜನವರಿಯಲ್ಲಿ ಕೆನಡಾ ಹೊಸ ಪರ್ಮಿಟ್‌ಗಳಿಗೆ ಮಿತಿ ಹಾಕಿದ ಮೇಲೆ ಚಿತ್ರ ಬದಲಾಯಿತು, ಹಾಗಾಗಿ ಈ ಹೋಲಿಕೆಯನ್ನು ಇಂದಿಗೆ ಹಾಗೇ ಎಳೆಯಬೇಡಿ.

ಕಳೆಯಬೇಕಾದ ಇತರ ಗುಂಪುಗಳೂ ಇವೆ. ಡಿಗ್ರಿಯಲ್ಲದ ಚಿಕ್ಕ ಕೋರ್ಸಿನವರು: 2018ರಲ್ಲಿ ಚೀನಾ ತನ್ನಲ್ಲಿ 4,92,185 ವಿದೇಶಿ ವಿದ್ಯಾರ್ಥಿಗಳಿದ್ದಾರೆ ಅಂತ ಹೇಳಿತ್ತು, ಅದರಲ್ಲಿ ಪದವಿಗಾಗಿ ಓದುತ್ತಿದ್ದವರು 2,58,122 ಮಾತ್ರ. ಒಂದು ಸೆಮಿಸ್ಟರ್ ಎಕ್ಸ್‌ಚೇಂಜ್‌ಗೆ ಹೋದವರು: ಯುನೆಸ್ಕೊ ಇವರನ್ನು ಸೇರಿಸುವುದಿಲ್ಲ, ಓಪನ್ ಡೋರ್ಸ್‌ನ ಒಟ್ಟಿನಲ್ಲಿ ಸೇರುತ್ತಾರೆ. ಶಾಲಾ ಮಕ್ಕಳು: ವಿದೇಶಾಂಗ ಇಲಾಖೆಯ 2025ರ ಅಂಕಿ 18 ಲಕ್ಷ ದಾಟಿದೆ. 13 ಲಕ್ಷದಿಂದ ಒಂದೇ ವರ್ಷಕ್ಕೆ ಇಷ್ಟು ಜಿಗಿಯಿತಾ ಅಂತ ಹೌಹಾರಬೇಡಿ. ಅದರಲ್ಲಿ ಕಾಲೇಜು ಮಟ್ಟದವರು ಸುಮಾರು 12.5 ಲಕ್ಷ. ಉಳಿದವರು ಶಾಲೆಯವರು. ದುಬೈನಲ್ಲಿ ಅಪ್ಪ ಅಮ್ಮನ ಜೊತೆ ಇದ್ದುಕೊಂಡು ಶಾಲೆಗೆ ಹೋಗುವ ಮಗುವನ್ನು 'ವಿದೇಶಕ್ಕೆ ಓದಲು ಹೋದವರು' ಅಂತ ಕರೆಯುವುದು ಹೇಗೆ?

ಗಡಿ ದಾಟದೆ ವಿದೇಶಿ ಪದವಿ ಪಡೆಯುವವರನ್ನೂ ಬೆರೆಸಬೇಡಿ. ಗಾಂಧಿನಗರದ ಗಿಫ್ಟ್ ಸಿಟಿಯಲ್ಲಿ ಆಸ್ಟ್ರೇಲಿಯಾದ ಡೀಕಿನ್, ವೊಲೊಂಗಾಂಗ್ ವಿಶ್ವವಿದ್ಯಾಲಯಗಳ ಕ್ಯಾಂಪಸ್ ಇದೆ. ಬೆಂಗಳೂರಿನಲ್ಲಿ ಕ್ಯಾಂಪಸ್ ತೆರೆಯಲು ಬ್ರಿಟನ್ನಿನ ಲಿವರ್‌ಪೂಲ್ ವಿಶ್ವವಿದ್ಯಾಲಯಕ್ಕೆ ಯುಜಿಸಿ 2025ರಲ್ಲಿ ಒಪ್ಪಿಗೆ ಕೊಟ್ಟಿದೆ. ಅಲ್ಲಿ ಓದುವವರು ದಾಟುವುದು ಸಿಲ್ಕ್ ಬೋರ್ಡ್ ಸಿಗ್ನಲ್ ಇರಬಹುದು, ದೇಶದ ಗಡಿಯಂತೂ ಅಲ್ಲ.

ಹಂತ 7: ತಲೆ ಸಂಖ್ಯೆ ಸಾಲದು, ಅನುಪಾತ ಹಾಕಿ

ಭಾರತ ಮತ್ತು ನೇಪಾಳದಂಥ ಗಾತ್ರದಲ್ಲಿ ಅಜಗಜಾಂತರ ಇರುವ ದೇಶಗಳನ್ನು ಬರೀ ಸಂಖ್ಯೆಯಿಂದ ಹೋಲಿಸಿ ಪ್ರಯೋಜನವಿಲ್ಲ. ಎರಡು ಅನುಪಾತ ಸಾಕು. ಹೊರಗೆ ಹೋದವರನ್ನು ಸ್ವದೇಶದ ಕಾಲೇಜುಗಳಲ್ಲಿರುವ ಒಟ್ಟು ವಿದ್ಯಾರ್ಥಿಗಳಿಂದ ಭಾಗಿಸಿ. ಇದು ಹೊರಹೋಗುವ ದರ. ಹೊರಗಿನಿಂದ ಬಂದವರನ್ನು ಅದೇ ದೇಶದ ಒಟ್ಟು ವಿದ್ಯಾರ್ಥಿಗಳಿಂದ ಭಾಗಿಸಿದರೆ ಒಳಬರುವ ದರ.

ಎಐಎಸ್‌ಎಚ್‌ಇ 2021-22ರ ಪ್ರಕಾರ ಭಾರತದ ಉನ್ನತ ಶಿಕ್ಷಣದಲ್ಲಿ ಸುಮಾರು 4.33 ಕೋಟಿ ಮಂದಿ ಇದ್ದರು. ಹೊರಗೆ 13 ಲಕ್ಷ ಅಂತ ಇಟ್ಟುಕೊಂಡರೂ ನೂರಕ್ಕೆ ಮೂರು. "ಇಡೀ ತಲೆಮಾರೇ ಹೊರಟುಹೋಯಿತು" ಅನ್ನುವ ಮಾತು ಈ ಲೆಕ್ಕದ ಮುಂದೆ ನಿಲ್ಲುವುದಿಲ್ಲ. ಬೆಂಗಳೂರಿನ ಕೆಲವು ಬಡಾವಣೆಗಳಲ್ಲಿ ಕೂತು ನೋಡಿದರೆ ಹಾಗೆ ಅನ್ನಿಸುತ್ತದೆ, ನಿಜ. ಒಳಬರುವ ಕಡೆ ಅದೇ ವರ್ಷ 46,878 ವಿದೇಶಿಯರು, ಅಂದರೆ ಸಾವಿರಕ್ಕೆ ಒಬ್ಬರು. ಬ್ರಿಟನ್ನಿನಲ್ಲಿ 2023-24ರಲ್ಲಿ ಹೊರಗಿನವರು 7,32,285, ನಾಲ್ವರಲ್ಲಿ ಒಬ್ಬರು.

ಎಚ್ಚರ: ಭಾಗಿಸುವಾಗ ಮೇಲಿನದೂ ಕೆಳಗಿನದೂ ಒಂದೇ ಮಟ್ಟದ ಓದಾಗಿರಲಿ. ವರ್ಷ ಸ್ವಲ್ಪ ಆಚೀಚೆ ಇದ್ದರೆ 'ಸುಮಾರು' ಅಂತ ಬರೆದು ದಶಾಂಶ ಬಿಟ್ಟುಬಿಡಿ.

ಹಂತ 8: ಶೇಕಡಾ ಹಾಕುವಾಗ ಯಾವ ವರ್ಷದಿಂದ ಶುರು?

ವಲಸೆ ಬ್ಯೂರೋದ ಅಂಕಿಯನ್ನೇ ನೋಡಿ. 2019ರಲ್ಲಿ 5.86 ಲಕ್ಷ, 2020ರಲ್ಲಿ 2.6 ಲಕ್ಷ, 2021ರಲ್ಲಿ 4.4 ಲಕ್ಷ, 2023ರಲ್ಲಿ 8.9 ಲಕ್ಷ. 2020ರಿಂದ ಅಳೆದರೆ ಮೂರೂವರೆ ಪಟ್ಟು ಹತ್ತಿರ. 2019ರಿಂದ ಅಳೆದರೆ ಒಂದೂವರೆ ಪಟ್ಟು. ವಿಮಾನಗಳೇ ನಿಂತಿದ್ದ ವರ್ಷವನ್ನು ಆಧಾರ ಮಾಡಿಕೊಂಡು ಬೆಳವಣಿಗೆ ತೋರಿಸುವುದು ಮಾರಾಟಗಾರರ ಚಾಳಿ. ನೀವು ಮಾಡಬೇಡಿ.

ಇನ್ನೆರಡು ಸಣ್ಣ ಎಡವಟ್ಟುಗಳು. ವಿದೇಶಿ ಕೋಷ್ಟಕದಲ್ಲಿ 1,126,690 ಅಂತ ಇರುವುದನ್ನು ನಮ್ಮ ಪದ್ಧತಿಗೆ ತರುವಾಗ 11,26,690 ಆಗುತ್ತದೆ. ಅಲ್ಪವಿರಾಮ ಸರಿಸುವಾಗ ಒಂದು ಅಂಕಿ ತಪ್ಪಿಹೋಗುವುದು ಸಾಮಾನ್ಯ, ಹಾಗಾಗಿ ಸ್ಪ್ರೆಡ್‌ಶೀಟಿನಲ್ಲಿ ವಿರಾಮವಿಲ್ಲದೆ ತುಂಬಿ, ಕೊನೆಗೆ ರೂಪ ಬದಲಿಸಿ. ಎರಡನೆಯದು, ಖಾಲಿ ಇರುವ ಕೋಶ ಸೊನ್ನೆಯಲ್ಲ. ಯುನೆಸ್ಕೊ ಕೋಷ್ಟಕದಲ್ಲಿ ಒಂದು ದೇಶದಿಂದ ಹೊರಹೋದವರ ಸಂಖ್ಯೆ ಬರುವುದು, ಅವರನ್ನು ಬರಮಾಡಿಕೊಂಡ ದೇಶಗಳು ಕೊಟ್ಟ ಅಂಕಿಗಳನ್ನು ಕೂಡಿಸಿ. ಚೀನಾ ಯಾವ ದೇಶದಿಂದ ಎಷ್ಟು ಜನ ಬಂದರು ಅಂತ ಅಲ್ಲಿಗೆ ವಿಂಗಡಿಸಿ ಕೊಡುವುದಿಲ್ಲ. ಹಾಗಾಗಿ ಚೀನಾದಲ್ಲಿ ವೈದ್ಯಕೀಯ ಓದುವ ಭಾರತೀಯರು ಆ ಮೊತ್ತದಲ್ಲಿ ಬಿಟ್ಟುಹೋಗುತ್ತಾರೆ. ಯುನೆಸ್ಕೊ ಅಂಕಿ ನಮ್ಮ ವಿದೇಶಾಂಗ ಇಲಾಖೆಯದಕ್ಕಿಂತ ತುಂಬಾ ಕಮ್ಮಿ ಇರಲು ಇದೂ ಒಂದು ಕಾರಣ.

ಹಣದ ಲೆಕ್ಕವನ್ನು ವಿದ್ಯಾರ್ಥಿಗಳ ಲೆಕ್ಕವಾಗಿ ಓದಬೇಡಿ. ರಿಸರ್ವ್ ಬ್ಯಾಂಕಿನ 'ವಿದೇಶದಲ್ಲಿ ಓದು' ಅನ್ನುವ ಬಾಬತ್ತಿನ ಪಕ್ಕದಲ್ಲೇ 'ಹತ್ತಿರದ ಬಂಧುಗಳ ನಿರ್ವಹಣೆ' ಅಂತ ಇನ್ನೊಂದಿದೆ. ಮಗನ ಬಾಡಿಗೆ ಹಣ ಯಾವುದರಲ್ಲಿ ಹೋಯಿತು ಅನ್ನುವುದು ಬ್ಯಾಂಕಿನ ಫಾರಂನಲ್ಲಿ ಹಾಕಿದ ಟಿಕ್ ಮೇಲೆ ನಿಂತಿರುತ್ತದೆ.

ಹಂತ 9: "ಬೆಂಗಳೂರಿನಿಂದ ಎಷ್ಟು ಜನ?" ಅನ್ನುವ ಪ್ರಶ್ನೆ

ಪ್ರಾಜೆಕ್ಟ್ ಗೈಡುಗಳು ಕೊನೆಗೆ ಕೇಳುವುದು ಇದನ್ನೇ. ಹೊರದೇಶಗಳ ಕೋಷ್ಟಕದಲ್ಲಿ 'ಭಾರತ' ಅಂತ ಇರುತ್ತದೆ, 'ಕರ್ನಾಟಕ' ಅಂತ ಇರುವುದಿಲ್ಲ. ಕೆಂಪೇಗೌಡ ವಿಮಾನ ನಿಲ್ದಾಣದಿಂದ ಹಾರಿದವರನ್ನು ಎಣಿಸೋಣ ಅಂದರೆ ಹೊಸೂರು, ಅನಂತಪುರದವರೂ ಅಲ್ಲಿಂದಲೇ ಹಾರುತ್ತಾರೆ. ಬೆಳಗಾವಿಯವರು ಮುಂಬೈಗೋ ಗೋವಾಕ್ಕೋ ಹೋಗಿಬಿಡುತ್ತಾರೆ.

ಒಳಬರುವವರ ಬಗ್ಗೆ ಹಾಗಲ್ಲ, ಎಐಎಸ್‌ಎಚ್‌ಇ ರಾಜ್ಯವಾರು ಕೊಡುತ್ತದೆ. 2019-20ರಲ್ಲಿ ದೇಶದ 49 ಸಾವಿರ ವಿದೇಶಿ ವಿದ್ಯಾರ್ಥಿಗಳಲ್ಲಿ 10 ಸಾವಿರದಷ್ಟು ಮಂದಿ ಕರ್ನಾಟಕದಲ್ಲೇ ಇದ್ದರು, ರಾಜ್ಯಗಳಲ್ಲಿ ಮೊದಲ ಸ್ಥಾನ. ನಿಮ್ಮ ಪ್ರಾಜೆಕ್ಟಿಗೆ ಸ್ಥಳೀಯ ಕೋನ ಬೇಕೇ ಬೇಕು ಅಂದರೆ ಈ ದಿಕ್ಕಿನಿಂದ ಹೋಗಿ, ಅಂಕಿ ಸಿಗುತ್ತದೆ.

ಹೊರಹೋಗುವವರದ್ದೇ ಬೇಕು ಅನ್ನುವವರಿಗೆ ಒಂದು ದಾರಿ ಉಳಿದಿದೆ. ಹೊರಗೆ ಅರ್ಜಿ ಹಾಕುವ ಪ್ರತಿಯೊಬ್ಬರೂ ಸಾಮಾನ್ಯವಾಗಿ ಕಾಲೇಜಿನಿಂದಲೋ ವಿಶ್ವವಿದ್ಯಾಲಯದಿಂದಲೋ ಟ್ರಾನ್ಸ್‌ಕ್ರಿಪ್ಟ್, ಅಂದರೆ ಎಲ್ಲ ಸೆಮಿಸ್ಟರ್‌ಗಳ ಅಂಕಗಳ ಮೊಹರು ಹಾಕಿದ ಪ್ರತಿ ತೆಗೆದುಕೊಳ್ಳುತ್ತಾರೆ. ನಿಮ್ಮ ಕಾಲೇಜಿನ ಕಚೇರಿಯಲ್ಲಿ ಅದರ ರಿಜಿಸ್ಟರ್ ಇರುತ್ತದೆ. ಐದಾರು ವರ್ಷದ ಪುಟಗಳನ್ನು ನೋಡಿದರೆ ಆ ಒಂದು ಕಾಲೇಜಿನ ಏರಿಳಿತ ಗೊತ್ತಾಗುತ್ತದೆ. ಒಬ್ಬರೇ ನಾಲ್ಕಾರು ಪ್ರತಿ ತೆಗೆದುಕೊಂಡಿರುತ್ತಾರೆ, ಆದ್ದರಿಂದ ಪ್ರತಿಗಳನ್ನು ಬಿಟ್ಟು ವಿದ್ಯಾರ್ಥಿಗಳನ್ನು ಎಣಿಸಿ. ಅರ್ಜಿ ಹಾಕಿದವರೆಲ್ಲ ಹೋಗುವುದಿಲ್ಲ, ಹಾಗಾಗಿ ಕಾಲಂಗೆ 'ಹೊರಗೆ ಓದಲು ಅರ್ಜಿ ಹಾಕಿದವರು' ಅಂತಲೇ ತಲೆಬರಹ ಕೊಡಿ. ಕೆಲಸದ ಕಂಪನಿಗಳಿಗೂ ಕೆಲವರು ಟ್ರಾನ್ಸ್‌ಕ್ರಿಪ್ಟ್ ಕೊಡುತ್ತಾರೆ, ರಿಜಿಸ್ಟರ್‌ನಲ್ಲಿ ಕಾರಣ ಬರೆದಿದ್ದರೆ ಅಂಥವನ್ನು ಬೇರೆ ಮಾಡಿ. ಪ್ರಾಂಶುಪಾಲರ ಅನುಮತಿಯನ್ನು ಬರಹದಲ್ಲೇ ತೆಗೆದುಕೊಳ್ಳಿ. ಹೆಸರು, ರಿಜಿಸ್ಟರ್ ನಂಬರ್ ಬರೆದುಕೊಳ್ಳದೆ ವರ್ಷ, ಕೋರ್ಸ್, ದೇಶ ಇಷ್ಟನ್ನು ಮಾತ್ರ ಶೀಟಿಗೆ ಹಾಕಿಕೊಳ್ಳಿ.